ಸಂಡೇ ರೋಸ್ಟ್
ಬ್ರಿಟನ್ನಿನಲ್ಲಿ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಕೂತು ಮಾಡುವ ಊಟ. ಓವನ್ನಿನಲ್ಲಿ ಹುರಿದ ಮಾಂಸ, ಆಲೂಗಡ್ಡೆ, ತರಕಾರಿ, ಗ್ರೇವಿ ಇದರ ಮುಖ್ಯ ಅಂಗಗಳು. ದನದ ಮಾಂಸಕ್ಕೆ ಹಿಟ್ಟು, ಮೊಟ್ಟೆ, ಹಾಲು ಕಲಸಿ ಬೇಯಿಸಿದ ಯಾರ್ಕ್‌ಷೈರ್ ಪುಡಿಂಗ್ ಜೊತೆಯಾಗುತ್ತದೆ. ಅದರ ವಿಧಾನ ಹ್ಯಾನಾ ಗ್ಲಾಸ್ ಬರೆದ 1747ರ ಅಡುಗೆ ಪುಸ್ತಕದಲ್ಲೇ ಇದೆ.

ಹೊಸಬರಿಗೆ ಇಡೀ ಕೋಳಿಯೇ ಸಲೀಸು: 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ 450 ಗ್ರಾಂಗೆ 20 ನಿಮಿಷ, ಮೇಲೆ ಇನ್ನೊಂದು 20. ತೊಡೆಗೆ ಚುಚ್ಚಿದಾಗ ಒಸರುವ ರಸ ತಿಳಿಯಾಗಿರಬೇಕು. ಆಲೂಗಡ್ಡೆಯನ್ನು ಮೊದಲು ಅರೆಬೇಯಿಸಿ, ಪಾತ್ರೆಯಲ್ಲೇ ಕುಲುಕಿ ಮೈ ತರಿತರಿ ಮಾಡಿ, ಕಾದ ಕೊಬ್ಬಿಗೆ ಹಾಕಿದರೆ ಗರಿಗರಿಯಾಗುತ್ತದೆ. ಊಟದ ನಿಜವಾದ ರುಚಿ ಇಲ್ಲೇ ಎನ್ನಬಹುದು. ಕೋಳಿಯನ್ನು ಕೊಯ್ಯುವ ಮುನ್ನ ಕಾಲು ಗಂಟೆ ಆರಲು ಬಿಡಬೇಕು.

ಊಟ ಮುಗಿಯುವಷ್ಟರಲ್ಲಿ ಅದೇ ಓವನ್ನಿನಲ್ಲಿ ಸೇಬಿನ ಕ್ರಂಬಲ್ ಬೇಯುತ್ತದೆ: ಬ್ರಾಮ್ಲಿ ಎಂಬ ಹುಳಿ ಸೇಬಿನ ಹೋಳುಗಳ ಮೇಲೆ ಮೈದಾ, ಬೆಣ್ಣೆ, ಸಕ್ಕರೆಯ ಉದುರು ಮಿಶ್ರಣ. ಬಡಿಸುವಾಗ ಬಿಸಿ ಕಸ್ಟರ್ಡ್.