ಯಾವುದು ಸ್ಪಷ್ಟ, ಯಾವುದು ಮಸುಕು?

ನಮ್ಮ ಮನೆಯ ನಡುಮನೆಯ ಗೋಡೆಯ ಮೇಲೆ ನನ್ನ ಅಜ್ಜಿಯ ಭಾವಚಿತ್ರವೊಂದಿದೆ. ಆಕೆಯದೆಂದು ಉಳಿದಿರುವುದು ಅದೊಂದೇ. ತೆಗೆದವರು ಯಾರೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತಿರುವ ಆಕೆಯ ಒಂದು ಕೆನ್ನೆ ಬಿಸಿಲಿನಲ್ಲಿ ಕರಗಿ ಬರಿಯ ಬಿಳುಪಾಗಿದೆ. ಕಣ್ಣುಗಳೂ ಕೊಂಚ ಮಸುಕು. ಕೆಲವು ತಿಂಗಳ ಹಿಂದೆ ಮನೆಯ ಹುಡುಗನೊಬ್ಬ ಆ ಚಿತ್ರವನ್ನು ಕಂಪ್ಯೂಟರಿಗೆ ಒಪ್ಪಿಸಿ, ‘ಸರಿಮಾಡಿ’ ತಂದ. ಬಿಳಿದಾದ ಕೆನ್ನೆ ತುಂಬಿಕೊಂಡಿತ್ತು; ಕಣ್ಣಿನ ರೆಪ್ಪೆಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಎಲ್ಲವೂ ಸ್ಪಷ್ಟ. ಆದರೆ ಅಲ್ಲಿ ಕುಳಿತಿದ್ದವಳು ನನ್ನ ಅಜ್ಜಿಯಲ್ಲ. ಎಲ್ಲಿಯೂ ಎಂದೂ ಬದುಕಿರದ ಯಾರೋ ಒಬ್ಬ ವೃದ್ಧೆ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಛಾಯಾಚಿತ್ರದಲ್ಲಿ ತಪ್ಪು ಎಂಬುದನ್ನು ನಿರ್ಣಯಿಸುವವರು ಯಾರು?

ಈ ಪ್ರಶ್ನೆ ಹೊಸದೇನೂ ಅಲ್ಲ, ಛಾಯಾಗ್ರಹಣದಷ್ಟೇ ಹಳೆಯದು. ಕ್ಯಾಮೆರಾ ಹಿಡಿದವನು ಮುಖ್ಯವಾಗಿ ಎರಡು ತೀರ್ಮಾನಗಳನ್ನು ಮಾಡಬೇಕಾಗುತ್ತದೆ. ಎಷ್ಟು ಬೆಳಕನ್ನು ಒಳಗೆ ಬಿಡಬೇಕು ಎಂಬುದು ಒಂದು. ಮಸೂರವನ್ನು ಹಿಂದೆ ಮುಂದೆ ಸರಿಸಿ ಯಾವ ದೂರದ ವಸ್ತುವನ್ನು ಸ್ಫುಟಗೊಳಿಸಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಎಕ್ಸ್‌ಪೋಷರ್ ಎಂದೂ ಎರಡನೆಯದನ್ನು ಫೋಕಸ್ ಎಂದೂ ಕರೆಯುತ್ತೇವೆ. ಬೆಳಕು ಹೆಚ್ಚಾದರೆ ಚಿತ್ರ ಬೆಳ್ಳಗಾಗುತ್ತದೆ, ಫೋಕಸ್ ತಪ್ಪಿದರೆ ಮಸುಕಾಗುತ್ತದೆ. ಇವೆರಡೂ ದೋಷಗಳೆಂದೇ ಕೈಪಿಡಿಗಳು ಬೋಧಿಸುತ್ತ ಬಂದಿವೆ. ಆದರೆ ಈ ಕಲೆಯ ಇತಿಹಾಸವನ್ನು ತೆರೆದು ನೋಡಿದರೆ, ಇದೇ ದೋಷಗಳನ್ನು ತಿಳಿದೂ ತಿಳಿದೂ ಕೈಗೆತ್ತಿಕೊಂಡವರ ಪರಂಪರೆಯೊಂದು ಕಾಣಿಸುತ್ತದೆ.

1838ರಲ್ಲಿ ಫ್ರಾನ್ಸಿನ ದಾಗೇರ್ ಪ್ಯಾರಿಸಿನ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ತನ್ನ ಬೆಳ್ಳಿಯ ಫಲಕದ ಮೇಲೆ ಹಿಡಿದ. ಹಗಲು ಹೊತ್ತು, ಜನನಿಬಿಡವಾದ ಬೀದಿ. ಆದರೆ ಚಿತ್ರದಲ್ಲಿ ಬೀದಿ ಬಹುಮಟ್ಟಿಗೆ ನಿರ್ಜನ! ಫಲಕಕ್ಕೆ ಹಲವು ನಿಮಿಷಗಳ ಬೆಳಕು ಬೇಕಾಗಿದ್ದುದರಿಂದ, ನಡೆದು ಹೋದವರೂ ಗಾಡಿಗಳೂ ಗುರುತು ಉಳಿಸದೆ ಅಳಿಸಿಹೋದವು. ಬೂಟು ಉಜ್ಜಿಸಿಕೊಳ್ಳುತ್ತ ಒಂದೆಡೆ ನಿಂತಿದ್ದ ಒಬ್ಬನ ಆಕೃತಿ ಮಾತ್ರ ಉಳಿಯಿತು. ಕ್ಯಾಮೆರಾ ಕಂಡದ್ದನ್ನು ಕಂಡಂತೆ ಹೇಳುತ್ತದೆ ಎಂಬ ನಂಬಿಕೆ ಹುಟ್ಟುವ ಹೊತ್ತಿಗೇ, ಅದು ಏನನ್ನು ಬಿಟ್ಟುಬಿಡುತ್ತದೆ ಎಂಬುದಕ್ಕೆ ಸಾಕ್ಷಿಯೂ ಹುಟ್ಟಿತ್ತು.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಲೇಪಿಸುವ ವಿಧಾನವನ್ನು ಪ್ರಕಟಿಸಿದ. ಈ ಲೇಪಕ್ಕೆ ನೀಲಿಯ ಮೇಲೆ ಬಲು ಮೋಹ. ನೆಲಕ್ಕೂ ಗಿಡಮರಗಳಿಗೂ ಸಾಕಾಗುವಷ್ಟು ಬೆಳಕು ಕೊಟ್ಟರೆ ಆಕಾಶ ಮೋಡವೊಂದೂ ಇಲ್ಲದೆ ಬೆಳ್ಳಗಾಗಿಬಿಡುತ್ತಿತ್ತು. ಗುಸ್ತಾವ್ ಲ ಗ್ರೇ ಎಂಬ ಫ್ರೆಂಚ್ ಕಲಾವಿದ 1856-57ರ ತನ್ನ ಸಮುದ್ರಚಿತ್ರಗಳಲ್ಲಿ ಕೆಲವಕ್ಕೆ ಒಂದು ಉಪಾಯ ಹೂಡಿದ: ಕಡಲಿಗೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್, ಎರಡನ್ನೂ ಸೇರಿಸಿ ಒಂದೇ ಮುದ್ರಣ. ಜನ ಆ ಚಿತ್ರಗಳ ಸಹಜತೆಗೆ ಬೆರಗಾದರು. ದೋಷವಿದ್ದ ಚಿತ್ರ ಒಂದೇ ಕ್ಷಣದ ನಿಜ, ದೋಷವಿಲ್ಲದ ಚಿತ್ರವಾದರೋ ಎರಡು ಕ್ಷಣಗಳ ಹೊಲಿಗೆ! ಲ ಗ್ರೇಯ ಚಿತ್ರಗಳು ಸುಂದರವಾಗಿವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ತಪ್ಪಿಲ್ಲದಿರುವುದೂ ಸತ್ಯವಾಗಿರುವುದೂ ಒಂದೇ ಅಲ್ಲ ಎಂಬುದನ್ನು ಅವು ಕಲಿಸುತ್ತವೆ.

ಈಗ ಮಸುಕಿನ ಕಥೆಗೆ ಬರೋಣ. ಅದರ ನಾಯಕಿ ನಮ್ಮ ದೇಶದಲ್ಲೇ ಹುಟ್ಟಿದವಳು. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1815ರಲ್ಲಿ ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬನ ಮಗಳಾಗಿ ಜನಿಸಿದಳು. 1838ರಲ್ಲಿ ಅಲ್ಲಿಯೇ ನ್ಯಾಯಶಾಸ್ತ್ರಜ್ಞ ಚಾರ್ಲ್ಸ್ ಹೇ ಕ್ಯಾಮೆರಾನ್‌ನ ಕೈಹಿಡಿದು, ಹತ್ತು ವರ್ಷಗಳ ಮೇಲೆ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ವೈಟ್ ದ್ವೀಪದ ಫ್ರೆಶ್‌ವಾಟರ್‌ನಲ್ಲಿ ನೆಲೆಸಿದಳು. ಗಂಡ ಸಿಂಹಳದ ಕಾಫಿ ತೋಟಗಳಿಗೆ ಹೋಗಿದ್ದ ಕಾಲ, ಮನೆ ಬರಿದು. ತಾಯಿಯ ಒಂಟಿತನ ಕಳೆಯಲೆಂದು 1863ರ ಕೊನೆಯಲ್ಲಿ ಮಗಳೂ ಅಳಿಯನೂ ಆಕೆಗೊಂದು ಕ್ಯಾಮೆರಾ ತಂದುಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ. ಕೋಳಿಗೂಡು ಚಿತ್ರಶಾಲೆಯಾಯಿತು, ಕಲ್ಲಿದ್ದಲ ಕೊಠಡಿ ಕತ್ತಲೆಯ ಕೋಣೆಯಾಯಿತು. 1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಮುಖವನ್ನು ಹಿಡಿದು, ಅದನ್ನೇ ತನ್ನ ಮೊದಲ ಯಶಸ್ಸೆಂದು ಆಕೆ ಸಾರಿದಳು.

ಆಕೆಯ ವಿಧಾನ ಸರಳ. ಮಸೂರವನ್ನು ತಿರುಗಿಸುತ್ತ ಹೋಗುವಾಗ ಯಾವ ಘಟ್ಟದಲ್ಲಿ ಮುಖ ಸುಂದರವೆನಿಸುತ್ತದೋ ಅಲ್ಲಿ ಕೈ ನಿಲ್ಲಿಸುವುದು; ಇತರರಂತೆ ಪೂರ್ಣ ಸ್ಫುಟತೆಯವರೆಗೆ ಹೋಗದಿರುವುದು. ಇದನ್ನು ಆಕೆಯೇ 1874ರಲ್ಲಿ ಬರೆಯತೊಡಗಿ ಅಪೂರ್ಣವಾಗಿ ಬಿಟ್ಟ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾಳೆ. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕೂರಬೇಕಾಗಿದ್ದುದರಿಂದ ಕುಳಿತವರ ಉಸಿರಾಟದ ಅಲುಗಾಟವೂ ಚಿತ್ರಕ್ಕೆ ಸೇರುತ್ತಿತ್ತು. ವೃತ್ತಿಪರ ಪತ್ರಿಕೆಗಳು ಆಕೆಯನ್ನು ಹಳಿದವು, ಕೆಲಸ ಬಾರದವಳೆಂದವು. 1864ರ ಕೊನೆಯಲ್ಲಿ ಆಕೆ ತನ್ನ ಹಳೆಯ ಮಿತ್ರ, ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್‌ಗೆ ಬರೆದ ಪತ್ರದಲ್ಲಿ ಒಂದೇ ಪ್ರಶ್ನೆ ಎತ್ತಿದಳು: ಫೋಕಸ್ ಎಂದರೇನು, ಇದೇ ನ್ಯಾಯವಾದ ಫೋಕಸ್ ಎಂದು ಹೇಳುವ ಹಕ್ಕು ಯಾರಿಗಿದೆ? ಮೂರು ವರ್ಷಗಳ ನಂತರ, 1867ರಲ್ಲಿ, ಅದೇ ಹರ್ಷೆಲ್‌ನ ಚಿತ್ರವನ್ನು ಆಕೆ ತೆಗೆದಳು. ಕತ್ತಲೆಯೊಳಗಿಂದ ತೇಲಿಬರುವ ಮುದಿ ಮುಖ, ಕೆದರಿದ ಬೆಳ್ಳಿಗೂದಲು, ನಕ್ಷತ್ರಗಳನ್ನು ನೋಡಿ ನೋಡಿ ದಣಿದ ಕಣ್ಣು. ಅಂಗಿಯ ಗುಂಡಿ ಕಾಣಿಸದು. ಕಾಣಿಸಬೇಕಾದ ಮನುಷ್ಯ ಕಾಣಿಸುತ್ತಾನೆ.

ಆಕೆಯ ಎಲ್ಲ ಮಸುಕೂ ಸಂಕಲ್ಪದಿಂದ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಮೊದಲ ಮಸೂರದಲ್ಲಿಯೇ ಕೊರತೆಗಳಿದ್ದವು. ಫಲಕಗಳ ಮೇಲೆ ಗೀರು, ಕಲೆ, ಬೆರಳಚ್ಚುಗಳಿದ್ದವು. ಆದರೆ ಆಕಸ್ಮಿಕವಾಗಿ ಒದಗಿದ್ದರಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು ಎಂದು ಗುರುತಿಸುವುದೇ ಕಲಾವಿದನ ಕಣ್ಣಲ್ಲವೆ? 1879ರಲ್ಲಿ ಆಕೆ ಸಿಂಹಳದಲ್ಲಿ ತೀರಿಕೊಂಡಳು. ಆಕೆಯ ಸೋದರ ಸೊಸೆಯ ಮಗಳಾದ ವರ್ಜೀನಿಯಾ ವುಲ್ಫ್ 1926ರಲ್ಲಿ ಆ ಚಿತ್ರಗಳ ಸಂಪುಟವೊಂದನ್ನು ತಮ್ಮ ಹೋಗಾರ್ತ್ ಪ್ರೆಸ್ಸಿನಿಂದ ಹೊರತಂದು, ಮರೆತವರಿಗೆ ಮತ್ತೆ ನೆನಪಿಸಿದಳು.

ಮುಂದಿನ ಕಥೆ ಉಯ್ಯಾಲೆಯಂತೆ ತೂಗಿದೆ. ಮನುಷ್ಯನ ಕಣ್ಣು ನೋಟದ ನಡುಭಾಗವನ್ನಷ್ಟೇ ಸ್ಫುಟವಾಗಿ ಕಾಣುತ್ತದೆ, ಚಿತ್ರವೂ ಹಾಗೆಯೇ ಇರಲಿ ಎಂದು 1889ರಲ್ಲಿ ಪೀಟರ್ ಹೆನ್ರಿ ಎಮರ್ಸನ್ ವಾದಿಸಿದ. ಕೆಲವೇ ಕಾಲದಲ್ಲಿ ಆ ವಾದವನ್ನು ತಾನೇ ಕೈಬಿಟ್ಟ. 1932ರಲ್ಲಿ ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಮಸುಕಿನ ವಿರುದ್ಧವೇ ದನಿಯೆತ್ತಿ, ಮಸೂರದ ಅತಿ ಕಿರಿದಾದ ರಂಧ್ರವೊಂದರ ಅಂಕಿ 64ನ್ನೇ ತಮ್ಮ ಗುಂಪಿನ ಹೆಸರಾಗಿಸಿಕೊಂಡರು. ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಫುಟವಾಗಿರಬೇಕೆಂಬುದು ಅವರ ಆಗ್ರಹ. ಅವರ ಕಾಲಕ್ಕೆ ಅದೂ ಒಂದು ಬಂಡಾಯವೇ. ಏಕೆಂದರೆ ಅಷ್ಟು ಹೊತ್ತಿಗೆ ಮಸುಕು ಒಂದು ರೂಢಿಯ ಅಲಂಕಾರವಾಗಿಬಿಟ್ಟಿತ್ತು.

ಬೆಳಕಿನ ವಿಷಯದಲ್ಲಿಯೂ ಇಂತಹುದೇ ತರ್ಕ. 1930ರ ದಶಕದಲ್ಲಿ ದ್ಯುತಿಕೋಶದಿಂದ ಬೆಳಕನ್ನು ಅಳೆಯುವ ಮಾಪಕಗಳು ಬಳಕೆಗೆ ಬಂದವು. ಮುಂದೆ ಕ್ಯಾಮೆರಾದ ಒಳಗೇ ಸೇರಿಕೊಂಡ ಈ ಮಾಪಕಕ್ಕೆ ಲೋಕವೆಲ್ಲ ಸರಾಸರಿ ಬೂದುಬಣ್ಣ. ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ಪಂಚೆಯ ಹಿರಿಯರನ್ನು ನಿಲ್ಲಿಸಿ, ಅದು ಹೇಳಿದಂತೆ ಬೆಳಕು ಕೊಟ್ಟರೆ ಪಂಚೆಯೂ ಗೋಡೆಯೂ ಬೂದು. ಕೆರೆಯಿಂದೆದ್ದು ಬಂದ ಎಮ್ಮೆಯೇ ಚೌಕಟ್ಟು ತುಂಬಿದ್ದರೆ ಎಮ್ಮೆಯೂ ಬೂದು! ಬಿಳಿಯದು ಬಿಳಿಯಾಗಬೇಕಾದರೆ ಮಾಪಕ ಹೇಳಿದ್ದಕ್ಕಿಂತ ಹೆಚ್ಚು ಬೆಳಕನ್ನೇ ಕೊಡಬೇಕು. ಆದುದರಿಂದ ‘ಅತಿ’ ಎಂಬ ಮಾತಿಗೆ ಅರ್ಥ ಬರುವುದು ಯಾವುದಕ್ಕೆ ಹೋಲಿಸಿ ಎಂದು ಕೇಳಿದ ಮೇಲೆ ಮಾತ್ರ. ಅನೇಕ ವೇಳೆ ಅದು ಸರಾಸರಿಯೊಡನೆ ಮನುಷ್ಯ ಹೂಡಿದ ಭಿನ್ನಾಭಿಪ್ರಾಯ, ಅಷ್ಟೆ.

ಈ ಭಿನ್ನಾಭಿಪ್ರಾಯವನ್ನು ಕೊನೆಯ ಅಂಚಿನವರೆಗೆ ಒಯ್ದವನು ಜಪಾನಿನ ಹಿರೋಶಿ ಸುಗಿಮೊಟೊ. 1970ರ ದಶಕದ ಕೊನೆಯಲ್ಲಿ ಆತ ಅಮೆರಿಕದ ಹಳೆಯ ಚಿತ್ರಮಂದಿರಗಳಲ್ಲಿ ಕ್ಯಾಮೆರಾ ನಿಲ್ಲಿಸಿ, ಸಿನಿಮಾ ಆರಂಭವಾದಾಗ ಮುಚ್ಚಳ ತೆರೆದು, ಮುಗಿದಾಗ ಮುಚ್ಚುತ್ತಿದ್ದ. ಕಥೆ, ಪ್ರೇಮ, ಕೊಲೆ, ಹಾಸ್ಯ ಎಲ್ಲವೂ ಒಂದರ ಮೇಲೊಂದು ಬಿದ್ದು ಪರದೆ ಶುಭ್ರ ಬಿಳುಪಾಯಿತು. ಆ ಬಿಳುಪಿನ ಬೆಳಕಿನಲ್ಲಿ ಮಂದಿರದ ಕೆತ್ತನೆಗಳೂ ಖಾಲಿ ಕುರ್ಚಿಗಳೂ ಎದ್ದು ಕಂಡವು. ಎಲ್ಲವನ್ನೂ ತುಂಬಿಕೊಂಡದ್ದು ಏನೂ ಇಲ್ಲದಂತೆ ಕಾಣುತ್ತದೆ. ಶೂನ್ಯ-ಪೂರ್ಣಗಳ ವಿಚಾರ ತಿಳಿದ ನಮಗೆ ಇದು ತೀರ ಅಪರಿಚಿತವಲ್ಲ. 1997ರಲ್ಲಿ ಆರಂಭಿಸಿದ ಇನ್ನೊಂದು ಮಾಲೆಯಲ್ಲಿ ಆತ ಜಗತ್ಪ್ರಸಿದ್ಧ ಕಟ್ಟಡಗಳನ್ನು ಬೇಕೆಂದೇ ಮಸುಕಾಗಿ ತೆಗೆದ. ಮಸುಕಿನಲ್ಲಿಯೂ ಗುರುತು ಉಳಿಯುವ ಕಟ್ಟಡವೇ ಗಟ್ಟಿಯಾದ ವಾಸ್ತುಶಿಲ್ಪ ಎಂಬಂತೆ.

ಇನ್ನು ನಮ್ಮ ಡಿಜಿಟಲ್ ಕಾಲ. 1969ರಲ್ಲಿ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ ಸಾಧನವೊಂದು ಬೆಳಕನ್ನು ವಿದ್ಯುತ್ತಾಗಿ ಓದುವ ದಾರಿ ತೆರೆಯಿತು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಕ್ಯಾಮೆರಾದಲ್ಲಿ ಚಿತ್ರಕ್ಕೆ ಕೇವಲ 10,000 ಬಿಂದುಗಳು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಇತ್ತ ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾವನ್ನು 1977ರಲ್ಲಿ ಕೊನಿಕಾ ಮಾರುಕಟ್ಟೆಗೆ ತಂದಿತು. ಕಣ್ಣಿನ ಕೆಲಸವೂ ಕೈಯ ಕೆಲಸವೂ ಒಂದೊಂದಾಗಿ ಯಂತ್ರಕ್ಕೆ ಸಂದವು. ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಬಲೆಯ ಹಿಂದಿನ ಹಕ್ಕಿಯನ್ನು ಬಿಟ್ಟು ಬಲೆಯನ್ನೇ ಹಿಡಿಯುವ ಯಂತ್ರದೊಡನೆ ಹೆಣಗಿದವರು ಮಸೂರದ ಉಂಗುರವನ್ನು ಮತ್ತೆ ಕೈಯಿಂದ ತಿರುಗಿಸತೊಡಗಿದ್ದಾರೆ. ಮಳೆಹನಿಯ ಗಾಜಿನ ಮೇಲೆ ನೋಟ ನಿಲ್ಲಿಸಿ ಆಚೆಯ ಬೀದಿಯನ್ನು ಬಣ್ಣದ ಬೊಟ್ಟುಗಳಾಗಿಸುವುದೋ, ಬೀದಿಯನ್ನು ಹಿಡಿದು ಹನಿಗಳನ್ನು ಮರೆಸುವುದೋ ಎಂಬುದನ್ನು ಯಂತ್ರ ಹೇಗೆ ತಾನೇ ಬಲ್ಲುದು?

ಡಿಜಿಟಲ್ ಬೆಳಕಿನಲ್ಲಿ ಒಂದು ಎಚ್ಚರ ಅವಶ್ಯ. ಫಿಲ್ಮ್ ನೆಗೆಟಿವ್ ಹೆಚ್ಚಿನ ಬೆಳಕನ್ನು ಮೆಲ್ಲಮೆಲ್ಲನೆ ನುಂಗಿಕೊಳ್ಳುತ್ತಿತ್ತು. ಡಿಜಿಟಲ್ ಸಂವೇದಕದ ಒಂದೊಂದು ಬಿಂದುವೂ ಪುಟ್ಟ ಕೊಡದಂತೆ. ತುಂಬಿದ ಮೇಲೆ ಸುರಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯ ಚಿತ್ರಕಡತದಲ್ಲಿ ಕಪ್ಪಿಗೆ 0, ಬಿಳುಪಿಗೆ 255, ಅದರಾಚೆಗೆ ಅಂಕಿಯಿಲ್ಲ. ಅಲ್ಲಿ ಕಳೆದುಹೋದ ವಿವರವನ್ನು ಯಾವ ಜಾಣನೂ ಮರಳಿ ತರಲಾರ. ಊಹಿಸಿ ತುಂಬಬಲ್ಲ, ಅಷ್ಟೆ. ಆದ್ದರಿಂದ ಬೆಳಕನ್ನು ಧಾರಾಳವಾಗಿ ಬಿಡುವವನು ಮೊದಲೇ ತನ್ನನ್ನು ಕೇಳಿಕೊಳ್ಳಬೇಕು: ಏನನ್ನು ಕಳೆದುಕೊಳ್ಳಲು ನಾನು ಸಿದ್ಧ, ಏನನ್ನು ಉಳಿಸಿಕೊಳ್ಳಬೇಕು? ಕಿಟಕಿಯಾಚೆಯ ಅಂಗಳ ಬೆಳ್ಳಗಾಗಿ ಹೋಗಲಿ, ತೊಟ್ಟಿಲ ಮಗುವಿನ ಮುಖ ಉಳಿಯಲಿ ಎಂದು ಯೋಚಿಸಿ ಮಾಡಿದ್ದು ಕಲೆ. ಯೋಚಿಸದೆ ಆದದ್ದು ಬರಿಯ ನಷ್ಟ.

ಇಂದಿನ ಫೋನುಗಳು ಮಸುಕನ್ನೂ ಲೆಕ್ಕಹಾಕಿ ಕೊಡುತ್ತವೆ, ಬೆಳಕನ್ನೂ ಹದಮಾಡಿ ಕೊಡುತ್ತವೆ. ತಪ್ಪಾಗುವ ಭಯ ಹೋಗಿದೆ. ಅದರೊಡನೆ ತೀರ್ಮಾನಿಸುವ ಹೊಣೆಯೂ ಜಾರುತ್ತಿದೆ. ಕ್ಯಾಮೆರಾನ್ ಕೇಳಿದ ಪ್ರಶ್ನೆಗೆ ಹೊಸ ಉತ್ತರವೊಂದು ಸದ್ದಿಲ್ಲದೆ ಸಿದ್ಧವಾಗಿದೆ: ಹಕ್ಕು ಯಂತ್ರದ್ದು, ಯಂತ್ರ ಕಲಿತ ಅಸಂಖ್ಯ ಚಿತ್ರಗಳ ಸರಾಸರಿಯದು. ಈ ಉತ್ತರವನ್ನು ಒಪ್ಪಬೇಕೇ ಬೇಡವೇ ಎಂಬುದು ನಮ್ಮ ಕೈಯಲ್ಲಿದೆ.

ಹುಡುಗ ತಂದ ಹೊಸ ಚಿತ್ರವನ್ನು ಅವನ ಮನಸ್ಸು ನೋಯದಂತೆ ಪೆಟ್ಟಿಗೆಯಲ್ಲಿಟ್ಟೆ. ಗೋಡೆಯ ಮೇಲೆ ಹಳೆಯದೇ ಇದೆ. ಆ ದಿನ ಕಿಟಕಿಯಿಂದ ಬಿಸಿಲು ಬಿದ್ದದ್ದು ನಿಜ, ಆಕೆ ಕತ್ತು ತಿರುಗಿಸಿದ್ದು ನಿಜ, ತೆಗೆದವನ ಕೈ ಕೊಂಚ ತಪ್ಪಿದ್ದೂ ನಿಜ. ಇಷ್ಟು ನಿಜಗಳಿರುವಲ್ಲಿ ಕೆನ್ನೆಯೊಂದು ಕಾಣಿಸದಿದ್ದರೆ ನನಗೆ ಕೊರತೆಯೆನಿಸುವುದಿಲ್ಲ.