ಯಂತ್ರಶ್ರವಣದ ದಾಖಲೆ ಮತ್ತು ಇತಿಹಾಸಕಾರನ ಎಚ್ಚರ

ನಿಯತಕಾಲದಲ್ಲಿ ಸಾಧ್ಯವಾದಷ್ಟು ಹೆಚ್ಚು ನಿಲಯಗಳೊಡನೆ ಸಂಪರ್ಕ ಸಾಧಿಸುವುದೇ ಹವ್ಯಾಸಿ ರೇಡಿಯೋ ಸ್ಪರ್ಧೆಗಳ ಗುರಿ. ಇವುಗಳಲ್ಲಿ ಪ್ರಸಿದ್ಧವಾದ ಸಿ.ಕ್ಯೂ. ವರ್ಲ್ಡ್ ವೈಡ್ ಸ್ಪರ್ಧೆಯು 1948ರಲ್ಲಿ ಆರಂಭವಾಯಿತು. ಗದ್ದಲದ ನಡುವೆ ಮಂದವಾದ ಮೋರ್ಸ್ ಸಂಕೇತವನ್ನು ಹುಡುಕಿ ಗುರುತಿಸುವ ಕಿವಿಯೇ ಬಹುಕಾಲ ಸ್ಪರ್ಧಿಯ ಮುಖ್ಯ ಬಲವಾಗಿತ್ತು.

2008ರಲ್ಲಿ ಸಿ.ಡಬ್ಲ್ಯು. ಸ್ಕಿಮ್ಮರ್ ಎಂಬ ಗಣಕತಂತ್ರಾಂಶವು ಬಳಕೆಗೆ ಬಂದಿತು. ಅದು ನೂರಾರು ಮೋರ್ಸ್ ಸಂಕೇತಗಳನ್ನು ಏಕಕಾಲದಲ್ಲಿ ಓದಬಲ್ಲುದು. ಇಂಥ ಶ್ರವಣಕೇಂದ್ರಗಳನ್ನು ಅಂತರಜಾಲದ ಮೂಲಕ ಜೋಡಿಸಿದ ರಿವರ್ಸ್ ಬೀಕನ್ ನೆಟ್‌ವರ್ಕ್, ಯಾವ ನಿಲಯವು ಯಾವ ಕಂಪನಾಂಕದಲ್ಲಿ, ಯಾವಾಗ, ಎಷ್ಟು ಪ್ರಬಲವಾಗಿ ಕೇಳಿಸಿತೆಂಬುದನ್ನು ಒಡನೆಯೇ ಪ್ರಕಟಿಸಿ ಕಾಪಿಡುತ್ತದೆ. ಮೇಲ್ಕಂಡ ಸ್ಪರ್ಧೆಯ ನಿಯಮಗಳು ಈ ನೆರವನ್ನು ಸಂಪೂರ್ಣವಾಗಿ ನಿಷೇಧಿಸದೆ, ಒಬ್ಬನೇ ನಡೆಸುವ ನಿಲಯಗಳಲ್ಲಿ ನೆರವು ಪಡೆದವರಿಗೂ ಪಡೆಯದವರಿಗೂ ಪ್ರತ್ಯೇಕ ವರ್ಗಗಳನ್ನು ಕಲ್ಪಿಸಿವೆ.

ಹೀಗೆ ಸಂಚಯವಾದ ದಾಖಲೆಯು ಇತಿಹಾಸಕ್ಕೂ ಒಂದು ಆಕರವೇ ಸರಿ. ಆದರೆ ಅದರಲ್ಲಿ ಹೆಸರಿಲ್ಲದ ನಿಲಯವು ಮೌನವಾಗಿತ್ತೆಂದು ನಿರ್ಣಯಿಸಬಹುದೇ? ದಾವಣಗೆರೆಯ ನಿಲಯವೊಂದನ್ನು ಉದಾಹರಣೆಗಾಗಿ ಭಾವಿಸೋಣ. 14 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದು ಕಳುಹಿಸಿದ ಸಂಕೇತವು ಸುಮಾರು 14 ಕಿಲೋಮೀಟರು ದೂರದ ಹರಿಹರಕ್ಕೆ ನೆಲದ ಮೇಲಣ ತರಂಗವಾಗಿ ತಲುಪಬಹುದು; ಬೆಂಗಳೂರಿಗೆ ಕೇಳಿಸದೆ, ಅಯಾನುಮಂಡಲದಿಂದ ಹಿಂದಿರುಗಿ ಯುರೋಪಿನಲ್ಲಿ ಕೇಳಿಸಲೂಬಹುದು. ಶ್ರವಣಕೇಂದ್ರಗಳಾದರೋ ಯುರೋಪು, ಉತ್ತರ ಅಮೆರಿಕಗಳಲ್ಲಿಯೇ ದಟ್ಟವಾಗಿವೆ. ಮೇಲಾಗಿ ಅವು ಸಾಮಾನ್ಯವಾಗಿ ದಾಖಲಿಸುವುದು ಸಿ.ಕ್ಯೂ. ಎಂದು ಕರೆಯುವವರನ್ನು, ಆ ಕರೆಗೆ ಓಗೊಟ್ಟವರನ್ನಲ್ಲ. ಇರುಳೆಲ್ಲ ಕುಳಿತು ನೂರು ಕರೆಗಳಿಗೆ ಉತ್ತರಿಸಿದವನ ಹೆಸರು ಅಲ್ಲಿ ಒಮ್ಮೆಯೂ ಕಾಣದಿರಬಹುದು.

ಶಾಸನಗಳನ್ನು ಅಭ್ಯಸಿಸಿದವರಿಗೆ ಈ ತೊಡಕು ಹೊಸದಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವನು 1224ರ ಸುಮಾರಿನಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನೆಂಬುದನ್ನು ನಾವು ಬಲ್ಲೆವು. ಅಲ್ಲಿ ಕಲ್ಲು ಹೊತ್ತವರೆಲ್ಲರ ಹೆಸರನ್ನು ಅರಿಯೆವು. ಹೆಸರು ತಿಳಿಯದೆಂದು ಅವರ ದುಡಿಮೆಯನ್ನು ಯಾರೂ ಅಲ್ಲಗಳೆಯರು.

ಆದುದರಿಂದ ಯಂತ್ರದ ದಾಖಲೆಯನ್ನು ಸ್ಪರ್ಧಿಗಳು ಒಪ್ಪಿಸಿದ ಸಂಪರ್ಕಪಟ್ಟಿಗಳೊಡನೆ ತಾಳೆನೋಡುವುದು ಅವಶ್ಯ. ಓಗೊಟ್ಟವನ ಕರೆಸಂಕೇತವು ಕರೆದವನ ಪಟ್ಟಿಯಲ್ಲಿ ದೊರೆಯುತ್ತದೆ. ಕೇಳಿಸಿದ್ದಕ್ಕೆ ಯಂತ್ರವು ಸಾಕ್ಷಿಯಾಗಬಲ್ಲುದು. ಕೇಳಿಸದಿದ್ದುದು ಇರಲೇ ಇಲ್ಲವೆಂಬುದಕ್ಕೆ ಅದು ಸಾಕ್ಷಿಯಾಗಲಾರದು.