ನಿಲ್ಲದೆ ಓಡಿದ ಒಂದು ಕ್ರಿಯಾಪದ

ಶಾಲೆಗೆ ಸೇರಿದ ಹೊಸದರಲ್ಲೇ ಮಕ್ಕಳು ಕಲಿಯುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ 'ರನ್' ಒಂದು. ಅರ್ಥವೇನೆಂದು ಕೇಳಿದರೆ 'ಓಡು' ಎಂದು ಥಟ್ಟನೆ ಹೇಳುತ್ತಾರೆ. ಆದರೆ 2011ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಪುಟ್ಟ ಪದವನ್ನು ಪರಿಷ್ಕರಿಸಿದಾಗ ಕ್ರಿಯಾಪದವೊಂದಕ್ಕೇ ಸಿಕ್ಕ ಅರ್ಥಗಳು 645! ಅದನ್ನು ಸಿದ್ಧಪಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು.

ಈ ನಿಘಂಟಿನ ಕ್ರಮವೇ ಬೇರೆ. 1879ರಲ್ಲಿ ಅದರ ಸಂಪಾದಕರಾದ ಜೇಮ್ಸ್ ಮರ್ರೆ, ಓದುಗರಿಂದ ಬಳಕೆಯ ಉದಾಹರಣೆಗಳನ್ನು ಚೀಟಿಗಳಲ್ಲಿ ಬರೆಸಿ ತರಿಸಿಕೊಂಡರು. ಯಾವ ಅರ್ಥ ಯಾವ ಕಾಲದ ಬರಹದಲ್ಲಿ ಮೊದಲು ಕಾಣಿಸಿತೆಂದು ದಾಖಲಿಸುವುದು ಅದರ ಪದ್ಧತಿ. ಮರ್ರೆ 1915ರಲ್ಲಿ ತೀರಿಕೊಂಡರು. ನಿಘಂಟು ಮುಗಿದದ್ದು 1928ರಲ್ಲಿ. ಆಗ ಎಲ್ಲಕ್ಕಿಂತ ಉದ್ದನೆಯ ವಿವರಣೆ ಪಡೆದದ್ದು 'ಸೆಟ್'. ಪರಿಷ್ಕರಣೆ ಶುರುವಾದ ಮೇಲೆ ಆ ಪಟ್ಟ 2000ದಲ್ಲಿ 'ಮೇಕ್', 2007ರಲ್ಲಿ 'ಪುಟ್', ಬಳಿಕ 'ರನ್' ಪಾಲಾಯಿತು.

ಒಂದು ಪದ ಇಷ್ಟು ಬೆಳೆದದ್ದು ಹೇಗೆ? ಹಳೆಯ ಇಂಗ್ಲಿಷಿನಲ್ಲೇ ಮನುಷ್ಯರಂತೆ ನೀರೂ 'ರನ್' ಆಗುತ್ತಿತ್ತು. ಹರಿಯುವ ನೀರಿನಿಂದ ಸೋರುವ ಮೂಗಿಗೆ, ಬಣ್ಣ ಬಿಡುವ ಬಟ್ಟೆಗೆ ಹೆಚ್ಚು ದೂರವಿಲ್ಲ. ಆಮೇಲೆ ಯಂತ್ರಯುಗ ಬಂತು. ರೈಲು, ಕಾರ್ಖಾನೆಯ ಯಂತ್ರ, ಮೋಟಾರು, ಕೊನೆಗೆ ಕಂಪ್ಯೂಟರಿನ ಪ್ರೋಗ್ರಾಮು, ಹೀಗೆ ಬಂದದ್ದಕ್ಕೆಲ್ಲ ಜನ ಈ ಹಳೆಯ ಪದವನ್ನೇ ದುಡಿಸಿಕೊಂಡರು. ತಾನಾಗಿ ಚಲಿಸುವುದಕ್ಕೆ ಇದ್ದ ಮಾತು ಚಲಿಸುವಂತೆ ಮಾಡುವುದಕ್ಕೂ ಬಂತು. ಅಂಗಡಿ, ಶಾಲೆ, ಸರ್ಕಾರ ನಡೆಸುವುದೂ 'ರನ್' ಆಯಿತು.

ನಮ್ಮ 'ಓಡು' ಸಹ ಸುಮ್ಮನೆ ಕೂತಿಲ್ಲ. ಗಡಿಯಾರ ಓಡುತ್ತದೆ, ಬಸ್ಸು ಓಡುತ್ತದೆ, ಒಳ್ಳೆಯ ಚಿತ್ರ ನೂರು ದಿನ ಓಡುತ್ತದೆ. ಕಷ್ಟದ ಲೆಕ್ಕ ಕೊಟ್ಟರೆ ತಲೆ ಮಾತ್ರ ಓಡುವುದಿಲ್ಲ. ಆದರೆ ಎರಡು ಪದಗಳ ದಾರಿ ಎಲ್ಲ ಕಡೆಯೂ ಒಂದೇ ಅಲ್ಲ. ಚುನಾವಣೆ ಬಂದರೆ ಅಮೆರಿಕದವರು 'ಓಡುತ್ತಾರೆ'. ಬ್ರಿಟನ್ನಿನವರು ನಮ್ಮ ಹಾಗೆ 'ನಿಲ್ಲುತ್ತಾರೆ'. ಕ್ರಿಕೆಟ್ಟಿನಲ್ಲಿ ಕೆಲವರು 'ಓಟ' ಎಂದರೂ ಬೀದಿಯ ಹುಡುಗರು 'ರನ್' ಬಿಟ್ಟಿಲ್ಲ.

ಅನುವಾದ ಮಾಡುವವರಿಗೆ ಇದರಲ್ಲೊಂದು ಪಾಠವಿದೆ. 'ರನ್' ಕಂಡಾಗ ಮೊದಲು ನೋಡಬೇಕಾದದ್ದು ಓಡುತ್ತಿರುವುದು ಯಾರು ಅಥವಾ ಏನು ಎಂಬುದನ್ನು. ಅದು ತಿಳಿದರೆ ಹರಿ, ಸೋರು, ನಡೆಸು, ನಿಲ್ಲು ಇವುಗಳಲ್ಲಿ ಸರಿಯಾದದ್ದು ತಾನಾಗಿಯೇ ನಾಲಿಗೆಗೆ ಬರುತ್ತದೆ. ಅದನ್ನು ಬಿಟ್ಟು ಎಲ್ಲ ಕಡೆ 'ಓಡು' ಎಂದೇ ಬರೆದರೆ, ಪಾಪ, ಹೋಟೆಲು ನಡೆಸುತ್ತಿದ್ದವರು ಹೋಟೆಲು ಬಿಟ್ಟು ಓಡಿಹೋದವರಾದಾರು!